ಕಾರಿನ ಕಂಠ ತಿದ್ದುವ ಬೀದಿ

ಬೆಂಗಳೂರಿನ ಪುರಭವನದ ಮೆಟ್ಟಿಲಿಳಿದು ಮಿನರ್ವ ವೃತ್ತದ ಕಡೆಗೆ ನಡೆಯತೊಡಗಿದರೆ ನಿಮಗೆ ಎರಡು ಬಗೆಯ ಲೋಕಗಳು ಒಟ್ಟಿಗೇ ಎದುರಾಗುತ್ತವೆ. ಒಂದು, ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಕನ್ನಡ ಭವನಗಳ ಲೋಕ. ಅಲ್ಲಿ ಜುಬ್ಬಾ ತೊಟ್ಟವರು, ಜೋಳಿಗೆ ಹಾಕಿದವರು ಚಹಾ ಹೀರುತ್ತಾ ನಿನ್ನೆ ನೋಡಿದ ನಾಟಕದ ದೋಷಗಳನ್ನು ಎಣಿಸುತ್ತಿರುತ್ತಾರೆ. ಇನ್ನೊಂದು, ಅದೇ ರಸ್ತೆಯ ಅಂಗಡಿಗಳ ಲೋಕ. ಅಲ್ಲಿ ಹುಡುಗನೊಬ್ಬ ಹೊಸ ಹಾರ್ನ್ ಒಂದಕ್ಕೆ ಬ್ಯಾಟರಿ ತಂತಿ ತಾಗಿಸಿ, ದಾರಿಹೋಕರು ಬೆಚ್ಚಿ ಬೀಳುವುದನ್ನು ಕಂಡು ಖುಷಿಪಡುತ್ತಿರುತ್ತಾನೆ. ಒಂದೇ ಬೀದಿಯಲ್ಲಿ ಸ್ವರವೂ ಉಂಟು, ಅಪಸ್ವರವೂ ಉಂಟು.

ಇದು ಜಯಚಾಮರಾಜೇಂದ್ರ ರಸ್ತೆ. ಅಷ್ಟು ಉದ್ದದ ಹೆಸರು ಹೇಳುವ ವ್ಯವಧಾನ ಯಾರಿಗೂ ಇಲ್ಲದ್ದರಿಂದ ಎಲ್ಲರ ಬಾಯಲ್ಲೂ ಜೆ.ಸಿ. ರೋಡ್. ಕಾರಿಗೆ ಸಂಬಂಧಿಸಿದ್ದು ಏನು ಬೇಕಾದರೂ ಇಲ್ಲಿ ಸಿಗುತ್ತದೆ ಎಂಬುದು ಹಳೆಯ ನಂಬಿಕೆ. ಬೇಡವಾದದ್ದೂ ಸಿಗುತ್ತದೆ ಎಂಬುದು ನನ್ನ ಅನುಭವ. ಕಾರನ್ನು ಸ್ವಲ್ಪ ನಿಧಾನ ಮಾಡಿದರೆ ಸಾಕು, ಇಬ್ಬರು ಹುಡುಗರು ಎರಡೂ ಕಿಟಕಿಗೆ ಬಂದು ನಿಲ್ಲುತ್ತಾರೆ. ‘ಸೀಟ್ ಕವರ್ ಸಾರ್? ಮ್ಯಾಟ್ ಸಾರ್? ರಿವರ್ಸ್ ಕ್ಯಾಮೆರಾ?’ ಮೊದಲೆಲ್ಲ ಈ ಪಟ್ಟಿಯಲ್ಲಿ ‘ಸನ್ ಫಿಲ್ಮ್’ ಎಂಬುದೂ ಗಟ್ಟಿಯಾಗಿ ಕೇಳುತ್ತಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿದ ಮೇಲೆ ಆ ಕೂಗು ಪಿಸುಮಾತಾಯಿತು.

ಆದರೆ ಈ ಬೀದಿಯ ನಿಜವಾದ ವೈಭವ ಇದ್ದದ್ದು ಸ್ಟೀರಿಯೋಗಳಲ್ಲಿ. ಅಮೆರಿಕದಲ್ಲಿ ಗ್ಯಾಲ್ವಿನ್ ಸೋದರರು 1930ರಲ್ಲೇ ಮೋಟೊರೋಲಾ ಎಂಬ ಹೆಸರಿನಲ್ಲಿ ಕಾರಿನ ರೇಡಿಯೋ ಮಾರಿದ್ದರು; ಮೋಟಾರಿನಲ್ಲಿ ಹಾಡುವುದು ಎಂಬುದೇ ಆ ಹೆಸರಿನ ಹುಟ್ಟು. ನಮ್ಮ ಅಂಬಾಸಿಡರು, ಫಿಯೆಟ್ಟುಗಳು ಮಾತ್ರ ಸಾಮಾನ್ಯವಾಗಿ ಮೂಕವಾಗಿಯೇ ಮನೆಗೆ ಬರುತ್ತಿದ್ದವು. 1983ರ ಕೊನೆಯಲ್ಲಿ ಬಂದ ಮಾರುತಿಯೂ ಅಷ್ಟೇ. ಕಾರು ಕೊಂಡವರು ಮೊದಲು ದೇವಸ್ಥಾನಕ್ಕೆ ಹೋಗಿ ಚಕ್ರದಡಿ ನಿಂಬೆಹಣ್ಣು ಇಡಿಸುವುದು, ಅಲ್ಲಿಂದ ನೇರ ಜೆ.ಸಿ. ರೋಡಿಗೆ ಬಂದು ಸ್ಟೀರಿಯೋ ಹಾಕಿಸುವುದು, ಇದೇ ಕ್ರಮ. ಕಳ್ಳರ ಕಾಟಕ್ಕೆ ಹೆದರಿ ಹೋಟೆಲಿಗೆ ಹೋಗುವಾಗಲೂ ಆ ಪೆಟ್ಟಿಗೆಯನ್ನು ಹಿಡಿಕೆ ಸಮೇತ ಎಳೆದು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದ ಮಹನೀಯರನ್ನು ನೀವೂ ನೋಡಿರಬಹುದು. ದೋಸೆಯ ಪಕ್ಕದಲ್ಲಿ ಸ್ಟೀರಿಯೋ! ಆಮೇಲೆ ಅದರ ಮುಖವನ್ನು ಮಾತ್ರ ಕಳಚಿ ಜೇಬಿಗೆ ಹಾಕಿಕೊಳ್ಳುವ ಅನುಕೂಲ ಬಂತು. ಹಿಂದಿನ ಗಾಜಿನ ಕೆಳಗೆ ಹಲಗೆ ಹೊಡೆಸಿ ಎರಡು ಅಂಡಾಕಾರದ, 6 ಇಂಚಿಗೆ 9 ಇಂಚಿನ ಸ್ಪೀಕರ್ ಕೂರಿಸಿದರೆ ಮನುಷ್ಯ ಜೀವನದಲ್ಲಿ ಗೆದ್ದ ಹಾಗೆ.

ಈಗ ಕಾರುಗಳು ಹಾಡಿಕೊಂಡೇ ಬರುತ್ತವೆ. ಹಾಗಾದರೆ ನನಗೆ ಈ ಬೀದಿಯಲ್ಲಿ ಏನು ಕೆಲಸ ಎಂದಿರಾ? ಕಾರಣ ನಮ್ಮ ತಂದೆ.

ಅಪ್ಪನಿಗೆ 78 ವರ್ಷ. ತಿಂಗಳಿಗೊಮ್ಮೆ ಅವರನ್ನು ಕೂರಿಸಿಕೊಂಡು ಹಾಸನದ ಹತ್ತಿರದ ನಮ್ಮೂರಿಗೆ ಹೋಗಿ ತೋಟ ನೋಡಿ ಬರುವುದು ನಾವಿಬ್ಬರೂ ತಪ್ಪಿಸದ ಪದ್ಧತಿ. ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಆಕೆ 1991ರಲ್ಲಿ ಅತ್ತೆಯ ಮಗಳ ಮದುವೆಯಲ್ಲಿ ಹಾಡಿದ ಸೋಬಾನೆ ಪದಗಳು ಒಂದು ಕ್ಯಾಸೆಟ್ಟಿನಲ್ಲಿ ಉಳಿದಿದ್ದವು. ಫಂಗಸ್ಸು ಹಿಡಿಯುವ ಮೊದಲೇ ಅದನ್ನು ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದೆ. ಮನೆಯಲ್ಲಿ ಹಾಕಿದರೆ ಅಪ್ಪ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾರೆ. ಕಾರಿನಲ್ಲಾದರೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂರಬಹುದಲ್ಲ! ನೆಲಮಂಗಲ ದಾಟಿದ ಮೇಲೆ ತಾವಾಗಿಯೇ ಹೇಳುತ್ತಾರೆ, ‘ಅದನ್ನ ಹಾಕು.’

ತೊಂದರೆ ಏನೆಂದರೆ, ಅವರಿಗೆ ಹಾಡು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ‘ಏನಂದ್ಲೋ ಅಲ್ಲಿ?’ ಎಂದು ಕುಣಿಗಲ್ ಕೆರೆಯಿಂದ ಚನ್ನರಾಯಪಟ್ಟಣದವರೆಗೂ ಕೇಳುತ್ತಿದ್ದರು. ದನಿ ಜೋರು ಮಾಡಿದರೆ ಬಾಗಿಲು ಗುರಗುಟ್ಟುತ್ತಿತ್ತು, ಅಮ್ಮ ಮಾತ್ರ ಕಂಬಳಿ ಹೊದ್ದು ಹಾಡಿದಂತೆ. ‘ನನ್ನ ಕಿವೀನೇ ಹೋಯ್ತು ಬಿಡು’ ಎಂದು ಅಪ್ಪ ಸುಮ್ಮನಾದರು. ಎರಡು ತಿಂಗಳು ‘ಅದನ್ನ ಹಾಕು’ ಎನ್ನಲಿಲ್ಲ. ನಾನು ಜೆ.ಸಿ. ರೋಡಿಗೆ ಹೊರಟದ್ದು ಆಗ.

ಮೊದಲ ಸಲ ಸರಿಯಾಗಿಯೇ ಟೋಪಿ ಹಾಕಿಸಿಕೊಂಡೆ. ಗಾಜಿನ ಬಾಗಿಲು, ಏಸಿ, ನೀಲಿ ದೀಪದ ಅಂಗಡಿಯೊಂದರಲ್ಲಿ ‘ಇದು 400 ವಾಟ್ಸ್ ಸಾರ್, ನಿಮ್ಮ ಕಂಪನಿ ಸ್ಪೀಕರ್ ಬರೀ 20’ ಎಂದರು. 400 ದೊಡ್ಡದೋ 20 ದೊಡ್ಡದೋ ಎಂಬ ಲೆಕ್ಕ ನನಗೂ ಬರುತ್ತದಲ್ಲ! ಮುಂದಿನ ಎರಡು ಬಾಗಿಲಿಗೆ ಹಾಕಿಸಿದೆ. ಮನೆಗೆ ಬರುವ ದಾರಿಯಲ್ಲೇ ಅನುಮಾನ ಬಂತು. ಹಳೆಯದಕ್ಕಿಂತ ದನಿ ಸಣ್ಣದಾಗಿತ್ತು! ಮೊದಲು 15ಕ್ಕೆ ತಿರುಗಿಸಿದರೆ ಸಾಕಾಗುತ್ತಿದ್ದುದಕ್ಕೆ ಈಗ 22 ಬೇಕು. ಮರುದಿನ ಹೋಗಿ ಕೇಳಿದರೆ ‘ಸ್ವಲ್ಪ ಪಳಗಬೇಕು ಸಾರ್’ ಎಂದರು. ಸ್ಪೀಕರೇನು ಎತ್ತೇ?

ಕೊನೆಗೆ ದಾರಿ ತೋರಿಸಿದವರು ಅಡ್ಡರಸ್ತೆಯೊಂದರಲ್ಲಿ ಹತ್ತಡಿ ಅಗಲದ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ವಯಸ್ಸಾದ ಫಿಟ್ಟರ್. ಸುತ್ತಲಿನವರೆಲ್ಲ ಭಾಯ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಸ್ಪೀಕರಿನ ಡಬ್ಬ ತರಿಸಿಕೊಂಡು, ಕನ್ನಡಕವನ್ನು ಹಣೆಗೇರಿಸಿ, 400 ಎಂಬ ದಪ್ಪ ಅಕ್ಷರವನ್ನು ನೋಡದೆ ಮೂಲೆಯಲ್ಲಿದ್ದ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದರು. ‘ಸಾರ್, ಇದು 400 ಕೊಡಲ್ಲ, ತಿನ್ನುತ್ತೆ. ಅದೂ ಒಂದು ಕ್ಷಣಕ್ಕೆ. ದಿನಾ ತಿನ್ನೋದು 60. ನಿಮ್ಮ ಸ್ಟೀರಿಯೋ ಬಡಿಸೋದೇ ಹದಿನೈದು, ಹದಿನೆಂಟು. ಪೈಲ್ವಾನನ್ನ ಕರ್ಕೊಂಡ್ ಬಂದು ಎರಡು ಇಡ್ಲಿ ಕೊಟ್ರೆ ಕುಸ್ತಿ ಆಡ್ತಾನಾ?’

ನನ್ನ ತಲೆಯಲ್ಲಿ ಏನೋ ತಿಳಿಯಾದಂತಾಯಿತು. ಹಿಂದೆ ಟೇಪ್‌ರೆಕಾರ್ಡರುಗಳ ಮೇಲೆ ಸಾವಿರಗಟ್ಟಲೆ ‘ಪಿ.ಎಂ.ಪಿ.ಒ.’ ವಾಟುಗಳನ್ನು ಬರೆಯುತ್ತಿದ್ದ ಕಾಲ ನೆನಪಿದೆಯೆ? ಮನೆಯ ಮಿಕ್ಸಿಗೂ ಅಷ್ಟು ಶಕ್ತಿ ಇರುತ್ತಿರಲಿಲ್ಲ. ಅದರ ಮರಿಮೊಮ್ಮಗನೇ ಈ ‘ಪೀಕ್’ ಅಥವಾ ‘ಮ್ಯಾಕ್ಸ್’ ವಾಟು. ನೋಡಬೇಕಾದದ್ದು ಆರ್.ಎಂ.ಎಸ್. ಎಂದು ಬರೆದಿರುವ ಸಂಖ್ಯೆಯನ್ನು. ಸ್ಟೀರಿಯೋ ಮೇಲೆ ‘50 ವಾಟ್ಸ್ × 4’ ಎಂದು ಬರೆದಿದ್ದರೂ ಅದು ನಿರಂತರವಾಗಿ, ಒಡೆಯದ ದನಿಯಲ್ಲಿ ಕೊಡುವುದು ಪ್ರತಿ ಸ್ಪೀಕರಿಗೆ 15ರಿಂದ 20 ವಾಟು. ಇದು ಮೋಸವೆನ್ನುವುದಕ್ಕಿಂತ ಬ್ಯಾಟರಿಯ ಮಿತಿ. ಇಂಜಿನ್ ಓಡುವಾಗ ಕಾರಿನ ವಿದ್ಯುತ್ತು ಸುಮಾರು 14 ವೋಲ್ಟು. ಅಷ್ಟರಲ್ಲೇ 4 ಓಮಿನ ಸ್ಪೀಕರನ್ನು ನೇರವಾಗಿ ಕುಣಿಸಲು ಹೊರಟರೆ ಅದಕ್ಕಿಂತ ಹೆಚ್ಚು ಹುಟ್ಟುವುದಿಲ್ಲ. ಬೇರೆ ಆಂಪ್ಲಿಫೈಯರ್ ಬೇಕಾಗುವುದು ಇದಕ್ಕೇ. ಅದರ ಹೊಟ್ಟೆಯಲ್ಲಿ ತಾಮ್ರದ ತಂತಿ ಸುತ್ತಿದ ಬಳೆಯಾಕಾರದ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ಮೊದಲು ವೋಲ್ಟೇಜನ್ನು ಏರಿಸಿಕೊಂಡು, ಆಮೇಲೆ ಹಾಡಿನ ಕೆಲಸಕ್ಕೆ ಕೈಹಾಕುತ್ತದೆ.

ಹಾಗಾದರೆ ಹೊಸ ಸ್ಪೀಕರಿನಲ್ಲಿ ದನಿ ಕಡಿಮೆಯಾದದ್ದೇಕೆ? ಆ ಇರುವೆ ಸಾಲಿನಲ್ಲಿ ಇನ್ನೊಂದು ಸಂಖ್ಯೆ ಇತ್ತು: ಸೆನ್ಸಿಟಿವಿಟಿ, 86 ಡೆಸಿಬೆಲ್. ಒಂದು ವಾಟು ಕೊಟ್ಟು ಒಂದು ಮೀಟರ್ ದೂರ ನಿಂತರೆ ಎಷ್ಟು ಸದ್ದು ಕೇಳುತ್ತದೆ ಎಂಬುದರ ಅಳತೆ ಅದು. ಕಂಪನಿಯವರು ಹಾಕಿ ಕಳಿಸುವ ಸ್ಪೀಕರು ನೋಡಲು ಬಡಪಾಯಿ. ಕಾಗದದ ಕೋನು, ಬಿಲ್ಲೆಯಂಥ ಅಯಸ್ಕಾಂತ, ಪ್ಲಾಸ್ಟಿಕ್ಕಿನ ಚೌಕಟ್ಟು. ಆದರೆ ಹಗುರವಾದ್ದರಿಂದ ಸಣ್ಣ ಶಕ್ತಿಗೇ ಕುಣಿಯುತ್ತದೆ. ಅದು 90 ಇದ್ದು ಹೊಸದು 86 ಇದ್ದರೆ ಅಷ್ಟೇ ಸದ್ದಿಗೆ ಎರಡೂವರೆ ಪಟ್ಟು ವಾಟು ಬೇಕು. ಮೂರು ಡೆಸಿಬೆಲ್ ಅಂದರೆ ಎರಡು ಪಟ್ಟು, ಹತ್ತು ಡೆಸಿಬೆಲ್ ಅಂದರೆ ಹತ್ತು ಪಟ್ಟು, ಇದು ಭಾಯ್ ಅವರ ಮಗ್ಗಿ. ಆ ಹತ್ತು ಪಟ್ಟು ಸುರಿದರೂ ಕಿವಿಗೆ ಸುಮಾರು ಎರಡರಷ್ಟು ಸದ್ದೆನಿಸುತ್ತದೆ, ಅಷ್ಟೇ. ಹೀಗಾಗಿ ಆಂಪ್ಲಿಫೈಯರ್ ಬೇಡವೆನ್ನುವವರು 90ರಿಂದ ಮೇಲಿನ ಸಂಖ್ಯೆ ನೋಡಿ ಸ್ಪೀಕರ್ ಕೊಳ್ಳಬೇಕು. ಭಾರದ ಸ್ಪೀಕರನ್ನೇ ಮೆಚ್ಚಿದವರು ಆಂಪಿಗೂ ದುಡ್ಡು ಹೊಂದಿಸಿಕೊಳ್ಳಬೇಕು. ನನಗೆ ಮಾರಿದವರು ಇಷ್ಟನ್ನು ಹೇಳಿದ್ದರೆ ಸಾಕಿತ್ತು.

‘ಏನು ಕೇಳ್ತೀರ ಜಾಸ್ತಿ?’ ಎಂದರು ಭಾಯ್. ನಾನು ಅಪ್ಪನ ವಿಷಯ ಹೇಳಿದೆ. ಕ್ಯಾಸೆಟ್ಟು, ಸೋಬಾನೆ, ಎಲ್ಲ. ಅವರು ಮಾತಾಡದೆ ಕಾರಿನ ಬಾಗಿಲು ತೆರೆದು, ಅಪ್ಪ ಕೂರುವ ಜಾಗದಲ್ಲಿ ತಾವೇ ಕುಳಿತು, ಕೈಯಿಂದ ತಮ್ಮ ಕಣಕಾಲು ಮುಟ್ಟಿ ತೋರಿಸಿದರು. ‘ನಿಮ್ಮ ತಾಯಿ ಇಲ್ಲಿ ಹಾಡ್ತಾ ಇದಾರೆ. ನಿಮ್ಮ ತಂದೆ ಕಿವಿ ಎಲ್ಲಿದೆ?’

ಎಷ್ಟು ಸರಳ! ಬಾಗಿಲಿನ ಸ್ಪೀಕರು ಇರುವುದು ಮೊಣಕಾಲಿನ ಕೆಳಗೆ. ತಗ್ಗಿನ ಸ್ವರಗಳು ಎಲ್ಲಿಂದ ಬಂದರೂ ಹರಡಿಕೊಳ್ಳುತ್ತವೆ. ಹೆಚ್ಚಿನ ಕಂಪನದ ಸ್ವರಗಳು ಹಾಗಲ್ಲ, ಟಾರ್ಚಿನ ಬೆಳಕಿನಂತೆ ನೇರ ಹೋಗಿ ಎದುರು ಸಿಕ್ಕಿದ ಪಂಚೆಗೋ ಪ್ಯಾಂಟಿಗೋ ತಾಗಿ ಸಾಯುತ್ತವೆ. ಮಾತನ್ನು ಮಾತಾಗಿಸುವ ತ, ಸ, ಕ, ಚ ಮುಂತಾದ ವ್ಯಂಜನಗಳ ಜೀವವಿರುವುದು ಆ ಮೇಲಿನ ಸ್ವರಗಳಲ್ಲೇ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಅವನ್ನೇ. ನಾನು ದನಿ ಏರಿಸಿದಾಗಲೆಲ್ಲ ಏರುತ್ತಿದ್ದುದು ಸ್ವರ ಮಾತ್ರ, ವ್ಯಂಜನ ಕಾರ್ಪೆಟ್ಟಿನಲ್ಲೇ ಉಳಿಯುತ್ತಿತ್ತು.

ಆದ್ದರಿಂದ ಅವರು ಬರೆದುಕೊಟ್ಟ ಚೀಟಿ ಹೀಗಿತ್ತು: 400 ವಾಟಿನ ಜೋಡಿಯನ್ನು ಹಿಂದಿನ ಬಾಗಿಲಿಗೆ ಸಾಗಹಾಕುವುದು. ಮುಂದಕ್ಕೆ ‘ಕಾಂಪೊನೆಂಟ್’, ಅಂದರೆ ಬಾಗಿಲಿಗೆ ಆರೂವರೆ ಇಂಚಿನ ದೊಡ್ಡದು ಬೇರೆ, ಟ್ವೀಟರ್ ಬೇರೆ. ಟ್ವೀಟರು ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ, ಕಿವಿಯ ಮಟ್ಟಕ್ಕೆ ಹತ್ತಿರ. ಆ ದೊಡ್ಡದು 60 ವಾಟ್ ಆರ್.ಎಂ.ಎಸ್., 4 ಓಮ್. ಅದಕ್ಕೆ ನಾಲ್ಕು ಚಾನೆಲಿನ, ಪ್ರತಿ ಚಾನೆಲಿಗೆ 50 ವಾಟಿನ ಪುಟ್ಟ ಆಂಪ್. ಸಬ್‌ವೂಫರ್? ‘ಸೋಬಾನೇಗೆ ಯಾಕ್ ಸಾರ್ ಢಮಾರು?’

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಾರು ಒಪ್ಪಿಸಿದೆ. ತಂತಿ, ಫ್ಯೂಸು, ಕಪ್ಲರ್ ತರಲು ನನ್ನನ್ನೇ ಎಸ್.ಪಿ. ರಸ್ತೆಗೆ ಅಟ್ಟಿದರು. ಅದೊಂದು ಬೇರೆಯದೇ ಪ್ರಪಂಚ. ಸಾದರ ಪತ್ರಪ್ಪನವರ ಹೆಸರಿನ ಆ ಕಿರುದಾರಿಯಲ್ಲಿ ಅವರೆಕಾಳು ಅಳೆದಂತೆ ಕೆಪಾಸಿಟರು, ರೆಸಿಸ್ಟರುಗಳನ್ನು ಅಳೆಯುತ್ತಾರೆ. ಕೈಗಾಡಿ, ಸ್ಕೂಟರು, ಕಂಪ್ಯೂಟರ್ ಡಬ್ಬ ಹೊತ್ತ ಕೂಲಿಗಳ ನಡುವೆ ತೂರಿಕೊಂಡು, 8 ಗೇಜಿನ ಅಪ್ಪಟ ತಾಮ್ರದ ತಂತಿ ಕೇಳಿದೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟದ್ದೂ ಇರುತ್ತದೆ, ಕೆರೆದು ನೋಡಿ ತನ್ನಿ ಎಂದು ಎಚ್ಚರಿಸಿದ್ದರು. ಚಾಕುವಿನಿಂದ ಕೆರೆದೆ. ಒಳಗೂ ಕೆಂಪಗೇ ಇತ್ತು. ಅಂಗಡಿಯವನು ನನ್ನನ್ನು ಅವಮಾನದಿಂದ ನೋಡಿದ.

ತಿರುಗಿ ಬರುವಷ್ಟರಲ್ಲಿ ಬಾಗಿಲುಗಳ ಒಳಹೊದಿಕೆ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಕಾರಿನ ಬಾಗಿಲನ್ನು ಒಳಗಿನಿಂದ ನೋಡಿದವರಿಗೆ ಗೊತ್ತು, ಅದೊಂದು ತಗಡಿನ ಡಬ್ಬ. ಕಿಟಕಿಯ ಸಂದಿನಿಂದ ಮಳೆನೀರು ಒಳಗಿಳಿದು ತಳದ ತೂತುಗಳಿಂದ ಹೊರಗೆ ಹೋಗುತ್ತದೆ. ಆ ನೀರು ಈಚೆ ಬಾರದಂತೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಮೊದಲಿನ ಅಂಗಡಿಯವರು ಅದನ್ನು ಹರಿದು ಹಾಗೇ ಬಿಟ್ಟಿದ್ದರು. ಮೂರು ಕ್ಲಿಪ್ಪುಗಳೂ ಮುರಿದಿದ್ದವು. ಭಾಯ್ ಏನೂ ಅನ್ನದೆ ನಾಲಿಗೆಯಿಂದ ‘ಚ್’ ಎಂದರು, ಅಷ್ಟೇ. ಆಮೇಲೆ ತಗಡಿನ ಒಳಮೈಗೆ ಬೆಳ್ಳಿ ಬಣ್ಣದ, ಹಿಂದೆ ರಬ್ಬರಿನಂಥ ಬ್ಯುಟೈಲ್ ಇರುವ ಹಾಳೆಗಳನ್ನು ರೋಲರಿನಿಂದ ಒತ್ತಿ ಒತ್ತಿ ಅಂಟಿಸಿದರು. ಅಂಟಿಸುವ ಮೊದಲು ಬಾಗಿಲಿಗೆ ಬಡಿದರೆ ‘ಢಣ್’, ಆಮೇಲೆ ‘ದಬ್’. ಇನ್ನೂ ಆಂಪಿನ ತಂತಿ ತಾಗಿರಲಿಲ್ಲ, ಅರ್ಧ ಗುರಗುಟ್ಟುವಿಕೆ ಅಲ್ಲೇ ಮಾಯವಾಗಿತ್ತು. ದುಡ್ಡು ಕಡಿಮೆ ಇದ್ದವರು ಮೊದಲು ಮಾಡಿಸಬೇಕಾದ ಕೆಲಸ ಇದೇ ಎಂದು ನನಗೆ ಈಗಲೂ ಅನಿಸುತ್ತದೆ.

ಸ್ಪೀಕರ್ ಕೂರಿಸುವ ಮುನ್ನ ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ ತೆಗೆದು ದೊಡ್ಡ ಸ್ಪೀಕರಿನ ತಂತಿಗೆ ಒಂದು ಕ್ಷಣ ಮುಟ್ಟಿಸಿದರು. ಕೋನು ಚಕ್ಕನೆ ಮುಂದಕ್ಕೆ ಬಂತು. ಮುಂದೆ ಬಂದರೆ ಪ್ಲಸ್ಸು, ಮೈನಸ್ಸು ಸರಿ ಎಂದು ಲೆಕ್ಕ. ಎರಡು ಬಾಗಿಲಲ್ಲಿ ಒಂದು ತಿರುಗುಮುರುಗಾದರೂ ಒಂದು ಮುಂದೆ ತಳ್ಳಿದರೆ ಇನ್ನೊಂದು ಹಿಂದೆ ಎಳೆದು ತಗ್ಗಿನ ಸ್ವರವೆಲ್ಲ ಒಂದನ್ನೊಂದು ತಿಂದುಹಾಕುತ್ತವೆ.

ಇದರ ನಡುವೆ ಟ್ಯಾಕ್ಸಿಯವನೊಬ್ಬ ಅಳುಮುಖ ಹಾಕಿಕೊಂಡು ಬಂದ. ಹೊಸ ಆಂಪು ಹತ್ತು ನಿಮಿಷ ಹಾಡಿ ಕೆಂಪು ದೀಪ ಹಾಕಿ ಮಲಗಿಬಿಡುತ್ತದಂತೆ. ಯಾರೋ ಒಂದೇ ಚಾನೆಲಿಗೆ ಎರಡೆರಡು ಸ್ಪೀಕರನ್ನು ಸಮಾನಾಂತರವಾಗಿ ಜೋಡಿಸಿದ್ದರು. 4 ಓಮಿನವು ಎರಡು ಹೀಗೆ ಕೂಡಿದರೆ 2 ಓಮ್ ಆಗುತ್ತದೆ. 4 ಓಮಿಗೆಂದು ಮಾಡಿದ ಆಂಪಿನಿಂದ ಮಿತಿಮೀರಿ ಕರೆಂಟು ಎಳೆದು, ಮೈ ಕಾದು, ತನ್ನನ್ನು ತಾನು ಉಳಿಸಿಕೊಳ್ಳಲು ಅದು ಕಣ್ಣು ಮುಚ್ಚುತ್ತಿತ್ತು. ‘ಒಂದು ಎತ್ತಿಗೆ ಎರಡು ಗಾಡಿ ಕಟ್ಟಿದಾರೆ’ ಎಂದು ಭಾಯ್ ಒಂದು ಜೊತೆ ಕಿತ್ತುಹಾಕಿದರು. ಟ್ಯಾಕ್ಸಿಯವನಿಗೆ ಆಂಪು ಸರಿಯಾದ ಸಂತೋಷಕ್ಕಿಂತ ಎರಡು ಸ್ಪೀಕರು ಸುಮ್ಮನಾದ ದುಃಖವೇ ಹೆಚ್ಚಾದಂತೆ ಕಂಡಿತು.

ಮಧ್ಯಾಹ್ನ ಮೂರಕ್ಕೆ ಬ್ಯಾಟರಿಯಿಂದ ತಂತಿ ಎಳೆದರು. ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ 30 ಆಂಪಿಯರಿನ ಫ್ಯೂಸ್. ಅದು ಆಂಪನ್ನು ಕಾಯಲು ಅಲ್ಲ, ಎಲ್ಲಾದರೂ ತಂತಿಯ ಸಿಪ್ಪೆ ಸವೆದು ಬಾಡಿಗೆ ತಾಗಿದರೆ ಕಾರಿಗೆ ಬೆಂಕಿ ಬೀಳದಿರಲು. ಫ್ಯೂಸಿಲ್ಲದೆ ತಂತಿ ಎಳೆಯುವವರೂ ಇದ್ದಾರೆ. ಅಂಥ ಕಡೆ ಎಷ್ಟೇ ಅಗ್ಗವಾದರೂ ಕಾರು ನಿಲ್ಲಿಸಬೇಡಿ. ಅರ್ತ್ ತಂತಿಗೆ ಸೀಟಿನ ಕೆಳಗೆ ಬಣ್ಣ ಕೆರೆದು ಬರಿ ಲೋಹಕ್ಕೇ ಬೋಲ್ಟು ಹಾಕಿದರು. ವಿದ್ಯುತ್ತಿನ ತಂತಿ ಎಡಬದಿಗೆ, ಹಾಡಿನ ತಂತಿ ಬಲಬದಿಗೆ. ಎರಡೂ ಒಟ್ಟಿಗೆ ಹೋದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸ್ಪೀಕರಿನಲ್ಲಿ ಸೊಳ್ಳೆ ಹಾಡುತ್ತದೆ.

ಕೊನೆಯದು ‘ಗೇನ್’ ಎಂಬ ಪುಟ್ಟ ತಿರುಪು. ಎಲ್ಲರೂ ಅದನ್ನು ವಾಲ್ಯೂಮ್ ಎಂದು ತಿಳಿದು ಪೂರ್ತಿ ತಿರುಗಿಸಿ ಟ್ವೀಟರ್ ಸುಡುತ್ತಾರಂತೆ. ಅದು ಸ್ಟೀರಿಯೋ ಮತ್ತು ಆಂಪಿನ ನಡುವಿನ ಹೊಂದಾಣಿಕೆ ಮಾತ್ರ. ಆಂಪು ತನ್ನ ಮಿತಿ ದಾಟಿದಾಗ ಅಲೆಯ ತಲೆ ಕತ್ತರಿಸಿದಂತಾಗಿ ಸ್ವರ ಕರಕರ ಎನ್ನುತ್ತದೆ. ಸುಡುವುದು ಆ ಒಡೆದ ಸ್ವರ. ಭಾಯ್ ಸ್ಟೀರಿಯೋವನ್ನು ಮುಕ್ಕಾಲು ವಾಲ್ಯೂಮಿಗೆ ಇಟ್ಟು, ಬಾಸ್, ಟ್ರೆಬಲ್ ಸೊನ್ನೆ ಮಾಡಿ, ಸ್ಪೀಕರ್ ಕಳಚಿ, ಒಂದೇ ಸಮನೆ ‘ಕೂ’ ಎನ್ನುವ ಸ್ವರ ಹಾಕಿ, ಮೀಟರ್ ಹಿಡಿದರು. 50 ವಾಟನ್ನು 4 ಓಮಿನಿಂದ ಗುಣಿಸಿದರೆ 200. ಅದರ ವರ್ಗಮೂಲ 14 ಚಿಲ್ಲರೆ. ಮೀಟರು 14 ವೋಲ್ಟ್ ತೋರಿಸಿದಲ್ಲಿ ತಿರುಪು ನಿಂತಿತು. ನಾನು ಶಾಲೆಯಲ್ಲಿ ವರ್ಗಮೂಲ ಕಲಿತದ್ದು ಇದೇ ಮೊದಲ ಸಲ ಪ್ರಯೋಜನಕ್ಕೆ ಬಂದದ್ದು, ಅದೂ ಬೇರೆಯವರ ಬಾಯಲ್ಲಿ! 80 ಹರ್ಟ್ಸಿಗಿಂತ ಕೆಳಗಿನದೆಲ್ಲ ಬಾಗಿಲಿಗೆ ಹೋಗದಂತೆ ಇನ್ನೊಂದು ಗುಂಡಿ ಒತ್ತಿದರು. ಆ ಪಾತಾಳದ ಸ್ವರ ಎಳೆಯಲು ಹೋಗಿಯೇ ಸಣ್ಣ ಸ್ಪೀಕರುಗಳು ಏದುಸಿರು ಬಿಡುವುದಂತೆ.

‘ಹಾಕಿ ನಿಮ್ಮ ಪಾಟು’ ಎಂದರು. ಪೆನ್‌ಡ್ರೈವ್ ಚುಚ್ಚಿದೆ. ಮೊದಲು ಬಂದದ್ದು ಕ್ಯಾಸೆಟ್ಟಿನ ‘ಸ್‌ಸ್’ ಎಂಬ ಸದ್ದು. ಹಿಂದೆ ಇಷ್ಟು ಕೇಳಿಸುತ್ತಲೇ ಇರಲಿಲ್ಲ, ಸ್ವಚ್ಛ ಗಾಜಿನಲ್ಲಿ ಹೊರಗಿನ ಧೂಳೂ ಕಾಣುವಂತೆ. ಆಮೇಲೆ ಅಮ್ಮ. ಭಾಯ್‌ಗೆ ಪದಗಳ ಅರ್ಥ ಎಷ್ಟು ಆಯಿತೋ ತಿಳಿಯದು, ಟ್ವೀಟರನ್ನು ಬೆರಳಿನಷ್ಟು ಎಡಗಡೆ ಸೀಟಿನತ್ತ ತಿರುಗಿಸಿ, ಮತ್ತೆ ಕೇಳಿ, ಗೋಂದು ಹಾಕಿದರು. ಎಲ್ಲ ಸೇರಿ ಇಪ್ಪತ್ತು ಸಾವಿರದೊಳಗೆ ಮುಗಿಯಿತು. ನೀಲಿ ದೀಪದ ಅಂಗಡಿಯಲ್ಲಿ ಕಳೆದುಕೊಂಡದ್ದು ಬೇರೆ.

ಮರುವಾರ ಊರಿಗೆ ಹೊರಟೆವು. ನಾನು ಏನೂ ಹೇಳಲಿಲ್ಲ. ನೆಲಮಂಗಲ ದಾಟಿತು, ಅಪ್ಪ ಕೇಳಲಿಲ್ಲ. ಕುಣಿಗಲ್ ದಾಟಿತು. ಯಡಿಯೂರಿನಲ್ಲಿ ಕಾಫಿ ಕುಡಿದು ಹೊರಟ ಮೇಲೆ ನಾನೇ ಹಾಕಿದೆ, ಹಿಂದಿಗಿಂತ ಮೆಲ್ಲಗೆ. ಅಪ್ಪ ಕಿಟಕಿಯ ಕಡೆ ತಿರುಗಿದರು. ಬೆಳ್ಳೂರು ಕ್ರಾಸಿನವರೆಗೆ ಮಾತಿಲ್ಲ. ಒಂದು ಸಲವೂ ‘ಏನಂದ್ಲು’ ಎಂದು ಕೇಳಲಿಲ್ಲ.

ಹಿರೀಸಾವೆ ಬರುವಾಗ ಕೈ ಚಾಚಿ ನನ್ನ ತೋಳು ಮುಟ್ಟಿದರು. ‘ಸ್ವಲ್ಪ ಹಿಂದಕ್ಕೆ ಹಾಕು.’

ಹಾಕಿದೆ.

‘ಇಲ್ಲಿ, ಪದ ಮುಗಿಯೋ ಕಡೆ. ಬಳೆ ಸದ್ದು ಕೇಳ್ತಲ್ಲ, ಆರತಿ ತಟ್ಟೆ ಎತ್ತಿದಾಳೆ. ಹಸಿರು ಬಳೆ ಕಣೋ ಅವು. ಹಾಸನದ ಸಂತೇಲಿ ನಾನೇ ತಂದಿದ್ದು. ಇನ್ನೊಂದು ಸಲ ಹಾಕು.’

ಚನ್ನರಾಯಪಟ್ಟಣದವರೆಗೆ ಅದನ್ನೇ ಹಾಕಿದೆ.